ಎಲ್ಲಿ ಕೊರೆಯಲಿ, ನೀವೇ ಹೇಳಿ

ಬೆಳಕು ಹರಿಯುತ್ತಿದೆ. ಆಸ್ಪತ್ರೆಗೆ ಹೋಗುವ ಹೊಸ ಕಾಂಕ್ರೀಟ್ ರಸ್ತೆಯ ತುದಿಗೆ ತಳ್ಳುಗಾಡಿಯೊಂದು ಬಂದು ನಿಲ್ಲುತ್ತದೆ. ಅದರ ಮೇಲೆ ಕೊರೆಯುವ ಯಂತ್ರ, ಎರಡು ಕ್ಯಾನ್ ನೀರು, ಒಂದು ಹಳೆಯ ಗೋಣಿಚೀಲ. ತಲೆಗೆ ಬಟ್ಟೆ ಸುತ್ತಿಕೊಂಡ ನಡುವಯಸ್ಸಿನ ಹೆಂಗಸು ಯಂತ್ರದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಒಂದು ಗಳಿಗೆ ದೇವರನ್ನು ನೆನೆಯುತ್ತಾರೆ.

ಊರಿಗೆಲ್ಲ ಇವರು ಬೈರಿಗೆಯಕ್ಕ. ಸರ್ಕಾರದ ದುಡ್ಡಿನಲ್ಲಿ ಹಾಕಿದ ರಸ್ತೆಯನ್ನು ಕೊರೆದು, ಒಳಗಿರುವುದನ್ನು ಹೊರಗೆ ತಂದು ತೋರಿಸುವುದು ಇವರ ಕೆಲಸ. ಹೊಸದರಲ್ಲಿ ಎಲ್ಲ ರಸ್ತೆಯೂ ಒಂದೇ ಥರ ಹೊಳೆಯುತ್ತದೆ. ಹೊಟ್ಟೆಯಲ್ಲೇನಿದೆ ಎಂಬುದು ಕೊರೆದರೇ ಗೊತ್ತು. ಗೇಣುದ್ದ ದಪ್ಪ ಇರಬೇಕಾದ ಕಡೆ ನಾಲ್ಕು ಬೆರಳಿನಷ್ಟು ಬಳಿದು ಕೈತೊಳೆದುಕೊಂಡವರನ್ನು ಈ ಊರು ಬೇಕಾದಷ್ಟು ಕಂಡಿದೆ.

ಇವತ್ತು ಮಾತ್ರ ಅಕ್ಕನ ಮುಖದಲ್ಲಿ ಎಂದಿನ ನಗು ಇಲ್ಲ. ಈ ರಸ್ತೆಯ ಗುತ್ತಿಗೆದಾರ ಅವರ ಒಡಹುಟ್ಟಿದ ತಮ್ಮ. "ಸಾರ್, ಇದೊಂದಕ್ಕೆ ಬೇರೆ ಯಾರನ್ನಾದ್ರೂ ಕಳ್ಸಿ" ಎಂದು ನಿನ್ನೆಯೇ ಇಂಜಿನಿಯರನ್ನು ಬೇಡಿಕೊಂಡಿದ್ದರು.

"ಇರೋದೊಂದು ಯಂತ್ರ, ನಡೆಸೋರು ನೀವೊಬ್ರೇ. ಜಾಗ ತೋರಿಸೋದು ಜನ, ಅಳೆಯೋದು ನಾನು. ನೀವು ಕೊರೀರಿ, ಸಾಕು" ಎಂದುಬಿಟ್ಟರು ಅವರು.

ಮೊದಲು ಈ ಯಂತ್ರ ನಡೆಸುತ್ತಿದ್ದವರು ಅಕ್ಕನ ಗಂಡ. ಅವರ ಬೆನ್ನು ಕೈಕೊಟ್ಟ ಮೇಲೆ ಮನೆಯ ಒಲೆ ಆರದಿರಲಿ ಎಂದು ಅಕ್ಕ ಹಿಡಿಕೆ ಹಿಡಿದರು. "ಮೊದಲ್ನೇ ದಿನ ಅದು ನನ್ನನ್ನೇ ಗಿರಗಿರ ತಿರುಗಿಸಿಬಿಡ್ತು. ಮನೇಲಿ ಹೇಳಿದ್ರೆ ನಮ್ಮೆಜಮಾನ್ರು, 'ಪರವಾಗಿಲ್ವೇ, ನಿನ್ನನ್ನ ಆಡಿಸೋಕೂ ಒಬ್ರು ಸಿಕ್ಕಿದ್ರಲ್ಲ' ಅಂತ ನಗ್ತಾರೆ!"

ಆಗೆಲ್ಲ ಕೊರೆಯಬೇಕಾದ ಜಾಗಕ್ಕೆ ಹಿಂದಿನ ದಿನವೇ ಕಚೇರಿಯವರು ಸುಣ್ಣದ ಗುರುತು ಹಾಕುತ್ತಿದ್ದರು. ಗುರುತು ಎಲ್ಲಿ ಬೀಳುತ್ತದೆಂಬ ಸುದ್ದಿ ರಸ್ತೆ ಹಾಕುವ ಮೊದಲೇ ಗುತ್ತಿಗೆದಾರರ ಕಿವಿಗೆ ಬಿದ್ದಿರುತ್ತಿತ್ತು. ಇದೇ ಆಸ್ಪತ್ರೆ ರಸ್ತೆಯಲ್ಲಿ ಒಮ್ಮೆ ಕೊರೆದಾಗ ಸೊಗಸಾದ ಗಟ್ಟಿ ತುಂಡು ಬಂತು. ಒಂದೇ ಮಳೆಗಾಲ, ರಸ್ತೆಯೆಲ್ಲ ಹೊಂಡ. "ಕೊರೆದ ಜಾಗ ಮಾತ್ರ ನಡುಗಡ್ಡೆ ಥರ ಹಂಗೇ ಕೂತಿತ್ತು. ಅದನ್ನ ನೋಡಿ ನಗಬೇಕೋ ಅಳಬೇಕೋ ತಿಳೀಲಿಲ್ಲ."

ಅವತ್ತಿನಿಂದ ಸುಣ್ಣಕ್ಕೆ ವಿದಾಯ. ಆಗ ತಾನೇ ಬಂದಿದ್ದ ಈ ಇಂಜಿನಿಯರನ್ನು ಒಪ್ಪಿಸಿ ಅಕ್ಕ ಹೊಸ ಪದ್ಧತಿ ತಂದರು: ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಎಲ್ಲಿ ಕೊರೆಯಲಿ ಎಂದು ಕೇಳುವುದು. ಕೊರೆದು ತೆಗೆದ ತುಂಡನ್ನು ಗುತ್ತಿಗೆದಾರನ ಹೆಸರಿನ ಸಮೇತ ಅದೇ ಬೀದಿಯ ಕಟ್ಟೆಯ ಮೇಲೆ ಇಡುವುದು. ಮೋಟು ತುಂಡಿನವರು ಮತ್ತೆ ತಮ್ಮ ಖರ್ಚಿನಲ್ಲೇ ರಸ್ತೆ ಹಾಕಿಕೊಡಬೇಕು.

"ಮೇಲಿರೋ ದೇವ್ರಿಗೆ ಎಲ್ಲಾ ಕಾಣುತ್ತೆ, ನಿಜ. ನಡೆಯೋ ಜನಕ್ಕೂ ಒಂಚೂರು ಕಾಣ್ಲಿ ಬಿಡಿ" ಎನ್ನುತ್ತಾರೆ ಅಕ್ಕ.

ರಾತ್ರಿ ಪಾಳಿ ಮುಗಿಸಿ ನರ್ಸೊಬ್ಬರು ಬರುತ್ತಿದ್ದಾರೆ. "ತಾಯಿ, ಎಲ್ಲಿ ಕೊರೀಲಿ?"

ನರ್ಸ್ ಯೋಚಿಸುವುದೇ ಇಲ್ಲ. ಸೀದಾ ತಿರುವಿನ ಅಂಚಿಗೆ ನಡೆದು ಕಾಲೂರುತ್ತಾರೆ. "ಇಲ್ಲಿ. ಹಳೇ ರಸ್ತೇಲಿ ಆಂಬುಲೆನ್ಸ್ ಕುಕ್ಕುತ್ತಿದ್ದದ್ದು ಇಲ್ಲೇ. ಹೆರಿಗೆ ನೋವಿನೋರು ಕೂಗಿದ್ರೆ ವಾರ್ಡಿಗೆ ಕೇಳ್ತಿತ್ತು."

ಜನ ಸೇರುತ್ತಾರೆ. ಟೀ ಅಂಗಡಿಯವನು ಕಿಚಾಯಿಸುತ್ತಾನೆ: "ಅಕ್ಕಾ, ತಮ್ಮನ ರಸ್ತೆ ಅಂತ ಮೆತ್ತಗೆ ಕೊರೀಬೇಡ!"

"ಸುಮ್ನಿರೋ, ಯಂತ್ರಕ್ಕೆಲ್ಲಿಯ ತವರುಮನೆ!"

ದೂರದ ಮರದಡಿ ತಮ್ಮ ಕೈಕಟ್ಟಿ ನಿಂತಿದ್ದಾನೆ. ಯಂತ್ರ ಗರ್ಜಿಸುತ್ತದೆ, ಬೂದುಬಣ್ಣದ ನೀರು ಹರಿಯುತ್ತದೆ. ಅಕ್ಕ ಮಂಡಿಯೂರಿ ತುಂಡನ್ನು ಎತ್ತುತ್ತಾರೆ. ಒನಕೆಯ ತುಂಡಿನಂತೆ ದುಂಡಗೆ, ಒಂದು ಬಿರುಕಿಲ್ಲ. ಹೆಬ್ಬೆರಳು ಒಂದು ತುದಿಗಿಟ್ಟು ಕಿರುಬೆರಳು ಚಾಚುತ್ತಾರೆ. ಇನ್ನೊಂದು ತುದಿ ಸಿಗುವುದಿಲ್ಲ! ಇಂಜಿನಿಯರ್ ಟೇಪು ಹಿಡಿದು, "ಗೇಣಿನ ಮೇಲೆ ಒಂದು ಬೆರಳು ಜಾಸ್ತಿನೇ ಇದೆ" ಎನ್ನುತ್ತಲೇ ಬೀದಿ ತುಂಬ ಚಪ್ಪಾಳೆ, ಶಿಳ್ಳೆ.

ತಮ್ಮ ಹತ್ತಿರ ಬರುತ್ತಾನೆ. "ನೀನು ಯಾರನ್ನ ಕೇಳ್ತೀಯೋ, ಅವ್ರು ಎಲ್ಲಿಗೆ ಬೆರಳು ಮಾಡ್ತಾರೋ ಯಾರಿಗ್ಗೊತ್ತು ಅಕ್ಕಾ? ಆ ಭಯಕ್ಕೆ ಈ ತುದಿಯಿಂದ ಆ ತುದಿವರೆಗೂ ಒಂದೇ ದಪ್ಪಕ್ಕೆ ಸುರಿಸಿದೀನಿ."

"ಭಯಕ್ಕೋ ಭಕ್ತಿಗೋ, ರಸ್ತೆಗೆ ಎರಡೂ ಒಂದೇ ಕಣೋ" ಎಂದು ಅಕ್ಕ ಅವನ ಬೆನ್ನಿಗೆ ಗುದ್ದುತ್ತಾರೆ. ನಗು ಮರಳಿದೆ. ತುಂಡು ಕಟ್ಟೆಯೇರುತ್ತದೆ, ಅದರ ಮೇಲೆ ತಮ್ಮನ ಹೆಸರನ್ನು ಅಕ್ಕ ತಾವೇ ದಪ್ಪಕ್ಷರದಲ್ಲಿ ಬರೆಯುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ, ಕೊರೆದ ಗುಂಡಿಗೆ ಕಾಂಕ್ರೀಟ್ ತುಂಬುತ್ತಲೇ ಅಕ್ಕ ಹೇಳುತ್ತಾರೆ: "ನಾನು ಹೋಗದ ಬೀದೀಲೂ 'ಅವಳು ಬಂದ್ರೆ?' ಅಂತ ಒಂದು ಅಳುಕಿರ್ಲಿ. ಅಷ್ಟೇ."

ತೇಪೆಯ ಸುತ್ತ ಕಲ್ಲಿಡುವಷ್ಟರಲ್ಲಿ ಆಂಬುಲೆನ್ಸ್ ಸದ್ದು. ಜನ ಸರಿದು ದಾರಿ ಬಿಡುತ್ತಾರೆ. ಗಾಡಿ ಕಲ್ಲುಗಳ ಪಕ್ಕದಲ್ಲೇ ತಿರುಗಿ, ನೀರ ಮೇಲಿನ ದೋಣಿಯಂತೆ ಆಸ್ಪತ್ರೆಯ ಗೇಟು ಸೇರುತ್ತದೆ.

ಅಕ್ಕ ಕೈಯೊರೆಸಿಕೊಳ್ಳುತ್ತಾ ಅತ್ತಲೇ ನೋಡುತ್ತಾರೆ. "ನೋಡಿದ್ರಾ? ತಿರುವು ಬಂದದ್ದು ಒಳಗೆ ಮಲಗಿರೋರಿಗೆ ಗೊತ್ತೇ ಆಗಿಲ್ಲ."