ಬಾಗಿಲಲ್ಲಿದ್ದ ‘ಪ್ರವೇಶವಿಲ್ಲ’

ನಮ್ಮ ಕೊಲ್ಲಮೊಗ್ರಿನಲ್ಲಿ ಆಗ ಯಾರೂ ಎಲ್ಲಿಗೂ ‘ಪ್ರವೇಶಿಸು’ತ್ತಿರಲಿಲ್ಲ. ಒಳಗೆ ಹೋಗುತ್ತಿದ್ದರು, ಬರುತ್ತಿದ್ದರು. ದನವಾದರೆ ತೋಟಕ್ಕೆ ನುಗ್ಗುತ್ತಿತ್ತು. ಹೊಸ ಮನೆಗೆ ಹೋಗುವುದಕ್ಕೂ ಒಕ್ಕಲು ಎಂದರೆ ಸಾಕಿತ್ತು. ಆ ಶಬ್ದ ನಮ್ಮ ಮನೆಗೆ ಬಂದದ್ದು ಐವತ್ತರ ದಶಕದ ಒಂದು ಬೇಸಗೆಯಲ್ಲಿ, ಪುತ್ತೂರಿನ ಕಾನ್ವೆಂಟ್ ಶಾಲೆಯವರು ಬರೆದ ಕಾರ್ಡಿನಲ್ಲಿ: ‘ಪ್ರವೇಶಕ್ಕಾಗಿ ಮಗುವಿನೊಂದಿಗೆ ಬರತಕ್ಕದ್ದು.’ ಅಪ್ಪ ಅದನ್ನು ಊರಿನ ಮಾಸ್ತರರಿಗೆ ತೋರಿಸಿದರು.

“ಪ್ರವೇಶ ಅಂದರೆ ಶಾಲೆಗೆ ಸೇರಿಸಿಕೊಳ್ಳುದು ಮಾರಾಯ್ರೆ,” ಎಂದರಂತೆ ಮಾಸ್ತರರು. ಅಪ್ಪ ಆ ಒಂದು ಅರ್ಥವನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಹೊರಡುವಾಗ ಅಜ್ಜಿ ಹೇಳಿದ್ದು ಇಷ್ಟೇ: “ಅಲ್ಲಿ ತೆಗೆದುಕೊಳ್ಳದಿದ್ದರೆ ಮತ್ತೆ ಶಾಲೆ ಗೀಲೆ ಬೇಡ. ಮನೆಯಲ್ಲಿ ಕೆಲಸ ಬೇಕಾದಷ್ಟು ಉಂಟು.” ನನಗೆ ಹನ್ನೊಂದು ವರ್ಷ. ಶಾಲೆಯಲ್ಲೇ ಉಳಿದು ಓದಲೆಂದು ಬಟ್ಟೆ ತುಂಬಿದ್ದ ಟ್ರಂಕನ್ನು ಬಸ್ಸಿನಲ್ಲಿ ಇಡೀ ದಾರಿ ಹಿಡಿದುಕೊಂಡೇ ಕೂತಿದ್ದೆ.

ಶಾಲೆಯ ಬಾಗಿಲಿಗೆ ಅಡ್ಡವಾಗಿ ಒಂದು ಬೆಂಚು, ಬೆಂಚಿನ ಮೇಲೆ ಸ್ಲೇಟು, ಸ್ಲೇಟಿನಲ್ಲಿ ದುಂಡಗಿನ ಅಕ್ಷರ. ಅಪ್ಪ ಬೆರಳಿಟ್ಟು ಓದಿದರು: “ಪ್ರ-ವೇ-ಶ-ವಿ-ಲ್ಲ.” ಇನ್ನೊಮ್ಮೆ ಓದಿದರು. ನಾನೂ ಓದಿದೆ. ಬೇರೆ ಅರ್ಥ ನನಗಾದರೂ ಎಲ್ಲಿ ಗೊತ್ತಿತ್ತು!

“ಮುಗಿಯಿತು ಮಗಳೇ. ನಡಿ,” ಎಂದು ಟ್ರಂಕನ್ನು ಮತ್ತೆ ಹೆಗಲಿಗೇರಿಸಿದರು.

ಗೇಟು ಮುಟ್ಟುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದಾಯಿತು. ಒಬ್ಬರು ಸಿಸ್ಟರ್, ಅವರ ಬಿಳಿ ಉಡುಪಿನ ಅಂಚಿಗೆ ಕೆಂಪು ಕಾವಿ ಮೆತ್ತಿತ್ತು.

“ಎಂತ, ಬಂದವರು ಹಾಗೇ ಹೋಗುದಾ?”

“ಪ್ರವೇಶ ಇಲ್ಲ ಅಂತ ಬರೆದಿದ್ದೀರಲ್ಲ, ಅಮ್ಮನವರೇ?”

ಸಿಸ್ಟರ್ ಸ್ಲೇಟನ್ನು ನೋಡಿದರು, ಟ್ರಂಕನ್ನು ನೋಡಿದರು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. “ಅಯ್ಯೋ, ಅದು ಕಾಲಿಗೆ ಹೇಳಿದ್ದು! ಒಳಗೆ ನೆಲಕ್ಕೆ ಕಾವಿ ಹಾಕಿದ್ದೇವೆ, ಹಸಿ ಉಂಟು. ಮಗುವಿಗೆ ಪ್ರವೇಶ ಉಂಟು. ಅಡಿಗೆಕೋಣೆಯ ಬಾಗಿಲಲ್ಲಿ ಬನ್ನಿ.”

“ಒಳಗೆ ಬರಬೇಡಿ ಅಂತ ಬರೆದಿದ್ದರೆ ನಮಗೂ ಗೊತ್ತಾಗುತ್ತಿತ್ತು,” ಎಂದರು ಅಪ್ಪ. ಕೋಪ ಇರಲಿಲ್ಲ. ಅಡಿಗೆಕೋಣೆಯ ಮೆಟ್ಟಿಲಲ್ಲೇ ಕೂತು ಎರಡು ಲೋಟ ನೀರು ಕುಡಿದರು.

ಸಿಸ್ಟರ್ ದೊಡ್ಡ ಪುಸ್ತಕ ತಂದು ನನ್ನ ಹೆಸರು ಕೇಳಿ ಬರೆದುಕೊಂಡರು. ಅಪ್ಪ ಕತ್ತು ಚಾಚಿ ನೋಡಿದರು.

“ಬರೆದಾಯಿತಾ? ಇನ್ನು ಅಳಿಸುದಿಲ್ಲ ಅಲ್ಲವಾ?”

“ಶಾಯಿಯಲ್ಲಿ ಬರೆದದ್ದು,” ಎಂದರು ಸಿಸ್ಟರ್.

ಆಗ ಅಪ್ಪ ನಗಾಡಿದರು.