ಮೈಲು ಬ್ಯಾಡ, ತಾಸು ಹೇಳ್ರಿ

ದೇವದುರ್ಗದಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡವ್ವ ದೂರವನ್ನು ಎಂದೂ ಮೈಲಿಯಲ್ಲಿ ಅಳೆದವಳಲ್ಲ. ಮಾನ್ವಿಯಿಂದ ಬೀಗರು ಬಂದು ಯಾವ ಊರಿನ ಸುದ್ದಿ ತೆಗೆದರೂ ಕೈ ಅಡ್ಡ ಹಿಡಿದು, "ಮೈಲು ಬ್ಯಾಡ, ತಾಸು ಹೇಳ್ರಿ" ಅನ್ನುತ್ತಿದ್ದಳು.

ಎಂಬತ್ತರ ದಶಕದಲ್ಲಿ ಅವಳ ಅಳಿಯ ದುಬೈಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಒಮ್ಮೆ ಅವನೂ ದೊಡ್ಡವ್ವನ ಮಗಳೂ ರಜೆಗೆ ಬಂದಾಗ, ಬಸುರಿ ಹೆಂಡತಿಯನ್ನು ವಾಪಸು ಕರೆದೊಯ್ಯಲು ಹೊರಟ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ದೊಡ್ಡವ್ವ ಹಟ ಹಿಡಿದಳು.

"ದುಬೈ ಏನು ದೂರ ಅತ್ತಿ? ಬಾಂಬೆದಾಗ ವಿಮಾನ ಹತ್ತಿದ್ರ ಮೂರೇ ತಾಸು," ಎಂದು ಅಳಿಯ ಸಮಾಧಾನ ಹೇಳಿದ.

ದೊಡ್ಡವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು. "ಅಂದ್ರ ನಮ್ಮ ರಾಯಚೂರು ಬಸ್ಸಿನಷ್ಟ ಆತು. ಹಂಗಾದ್ರ ಮಗಳು ಇಲ್ಲೇ ಇರ್ಲಿ. ಕೂಸು ಹುಟ್ಟಿದ ಕೂಡಲೇ ಸುದ್ದಿ ಕೊಡ್ತೀವಿ, ನೀವು ಮೂರು ತಾಸಿನಾಗ ಬಂದುಬಿಡ್ರಿ."

ಬಾಗಿಲ ಮರೆಯಲ್ಲಿದ್ದ ಮಗಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಅಳಿಯ ಒಬ್ಬನೇ ದುಬೈಗೆ ಹೋದ.

ಗಂಡು ಕೂಸು ಹುಟ್ಟಿದಾಗ ತಂತಿ ಕೊಟ್ಟರು. ರಜೆ, ಟಿಕೀಟು, ಬಾಂಬೆಯಿಂದ ರೈಲು ಅಂತ ಎಲ್ಲ ದಾಟಿ ಅಳಿಯ ಬರುವಷ್ಟರಲ್ಲಿ ತೊಟ್ಟಿಲ ಕಾರ್ಯ ಮುಗಿದು, ಹೆಸರೂ ಇಟ್ಟಾಗಿತ್ತು. ಸಾಲದ್ದಕ್ಕೆ ರಾಯಚೂರಿನಿಂದ ಹತ್ತಿದ ಬಸ್ಸು ದಾರಿಯ ಗಬ್ಬೂರಿನಲ್ಲಿ ಅರ್ಧ ದಿನ ಕೆಟ್ಟು ನಿಂತಿತ್ತು. ಮೈತುಂಬ ಧೂಳು. ದೊಡ್ಡವ್ವ ಏನು ಅನ್ನುತ್ತಾಳೋ ಎಂದು ನಾವು ಕಟ್ಟೆಯ ಮೇಲೆ ಕಾದಿದ್ದೆವು.

ಅವಳು ಕಾಲಿಗೆ ನೀರು ಕೊಟ್ಟು, ಕೂಸನ್ನು ಅವನ ಕೈಗಿಟ್ಟಳು. ಆಮೇಲೆ ಮೆಲ್ಲಗೆ, "ವಿಮಾನ ಎಲ್ಲಿ ಕೆಟ್ಟು ನಿಂತಿತ್ತು ಯಪ್ಪಾ?" ಎಂದಳು.

"ಗಬ್ಬೂರಿನಾಗ, ಅತ್ತಿ," ಎಂದ ಅಳಿಯ, ಕೂಸಿನ ಮೇಲಿಂದ ಕಣ್ಣು ತೆಗೆಯದೆ.