ಸಿಂಹದ ತಲೆ ಹಿಡಿಯಬೇಕಿದ್ದ ಮುದ್ದುಕೃಷ್ಣ

ನಮ್ಮ ಸ್ಟೋರ್‌ಕೀಪರ್ ಮುದ್ದುಕೃಷ್ಣ ನಂಜನಗೂಡು ಕಡೆಯವನು. ಇಲ್ಲಿ ಗಲ್ಫಿನಲ್ಲಿ, ಇಂಡಸ್ಟ್ರಿಯಲ್ ಏರಿಯಾದ ಗೋಡೌನಿನಲ್ಲಿ ಬೋಲ್ಟು, ವಾಷರು ಕೊಡುವ ಕೆಲಸ. ನಾನು ಅದೇ ಕಂಪನಿಯ ಪಿಕಪ್ ಡ್ರೈವರ್. ಒಂದೇ ರೂಮಿನಲ್ಲಿದ್ದೇವೆ. ಅವನು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಇಬ್ಬರ ಪಾಲಿನ ಕೂಗಾಟವನ್ನೂ ನಾನೇ ಮಾಡುತ್ತೇನೆ.

ಇಂಥವನು ವರ್ಷಕ್ಕೊಮ್ಮೆ ಸಿಂಹವಾಗುತ್ತಿದ್ದ. ನಮ್ಮ ಇಂಜಿನಿಯರ್ ಕುರೋಕಿ ಸಾನ್ ಜಪಾನಿನವರು. ಅವರ ಊರಿನ ಗುಡಿಯ ಹಬ್ಬದಲ್ಲಿ ಸಿಂಹ ಕುಣಿಯುತ್ತದೆ. ಮುಂದಿನವನು ಮರದ ತಲೆ ಹಿಡಿದು ಅದರ ಬಾಯಿ ಕಟಕಟ ಆಡಿಸುತ್ತಾನೆ, ಹಿಂದಿನವನು ಹಸಿರು ಬಟ್ಟೆಯೊಳಗೆ ಬಗ್ಗಿ ಬಾಲವಾಗುತ್ತಾನೆ. ಆ ಗುಡಿಯಲ್ಲಿ ಪೂಜೆಯಾದ ಹಳೆಯ ತಲೆಯೊಂದನ್ನು ಅವರು ಇಲ್ಲಿಗೆ ತಂದಿದ್ದರು. ಹೊಸ ವರ್ಷಕ್ಕೆ ಉಮ್ಮ್ ಸಲಾಲ್‌ನ ಅವರ ಮನೆಯಂಗಳದಲ್ಲಿ ಜಪಾನಿಗಳೆಲ್ಲ ಸೇರಿದಾಗ ಕುಣಿತ. ತಲೆಗೆ ಕುರೋಕಿ ಸಾನ್, ಬಾಲಕ್ಕೆ ಮುದ್ದುಕೃಷ್ಣ. ಸೊಂಟ ಬಗ್ಗಿಸುವವರು ಬೇರೆ ಸಿಗಲಿಲ್ಲ ಅಂತ ಶುರುವಾದದ್ದು, ಆಮೇಲೆ ಅವನಿಗೇ ಹುಚ್ಚು ಹತ್ತಿತು.

ಈ ಸಲ ಕುರೋಕಿ ಸಾನ್ ಕೆಲಸ ಮುಗಿಸಿ ಊರಿಗೆ ಹೊರಟಿದ್ದರು. "ಇದೇ ಕೊನೆ. ತಲೆ ನೀನು ಹಿಡಿ, ಬಾಲ ನಾನಾಗ್ತೀನಿ," ಅಂದರು. ಮುದ್ದುಕೃಷ್ಣ ರೂಮಿನಲ್ಲಿ ರಟ್ಟಿನ ಡಬ್ಬ ಎತ್ತಿಕೊಂಡು ದಿನಾ ಅಭ್ಯಾಸ ಮಾಡಿದ. ನನ್ನ ಮಂಚಕ್ಕೆ ಡಿಕ್ಕಿ ಹೊಡೆದು ಬೈಸಿಕೊಂಡ.

ಹಬ್ಬ ಹತ್ತಿರ ಬಂದಾಗ ಊರಿಂದ ಫೋನು. ಅವನ ದೊಡ್ಡಪ್ಪ ತೀರಿಕೊಂಡಿದ್ದರು.

"ಅವರ ಜೊತೆ ನಿಮ್ಮನೇರು ಮಾತೇ ಬಿಟ್ಟಿದ್ರಲ್ಲೋ," ಅಂದೆ.

"ಮಾತು ಬಿಟ್ರೆ ಸೂತಕ ಬಿಡ್ತದಾ?"

"ಹಂಗಂತ ತಲೆ ಬಿಡ್ತೀಯಾ?"

ಅವನು ರಟ್ಟಿನ ಡಬ್ಬವನ್ನು ಮಂಚದ ಕೆಳಗೆ ತಳ್ಳಿದ. ನನಗೆ ರೇಗಿತು.

ಅಕೌಂಟ್ಸಿನ ಹೇಮಲತಾ ಮೇಡಂ ಒಳ್ಳೇ ಮನಸ್ಸಿನಿಂದಲೇ ಹೇಳಿದರು: "ಇಲ್ಲಿ ಗುಡಿನೂ ಇಲ್ಲ, ಪೂಜಾರಿನೂ ಇಲ್ಲ. ಇದೊಂದು ಪಾರ್ಟಿ ಅಷ್ಟೇ ಅಲ್ವಾ? ಯಾರಿಗೂ ಹೇಳ್ಬೇಡಿ, ಕುಣಿದುಬಿಡಿ."

"ಗುಡಿ ಇಲ್ಲ ಮೇಡಂ. ತಲೆ ಗುಡಿದೇ ಅಲ್ವಾ," ಅಂದ ಅವನು.

ಹೋಗಿ ಕುರೋಕಿ ಸಾನ್‌ಗೆ ನನ್ನೆದುರೇ ಹೇಳಿಯೇಬಿಟ್ಟ. ಜಪಾನಿನವರಿಗೆ ಸೂತಕ ಏನು ತಿಳಿದೀತು, ನಗುತ್ತಾರೆ ಅಂದುಕೊಂಡೆ. ಅವರು ನಗಲಿಲ್ಲ. ಎದ್ದು ನಿಂತು ತಲೆಬಾಗಿದರು. "ನಮ್ಮಲ್ಲೂ ಸಾವಾದ ಮನೆಯವರು ಗುಡಿಯ ಕಮಾನು ದಾಟುವುದಿಲ್ಲ," ಅಂದರು. ದಿನ ಮುಂದೂಡೋಣವೆಂದರೆ ಅವರ ಟಿಕೆಟ್ ಆಗಿಹೋಗಿತ್ತು. ತಲೆ ಅವರೇ ಹಿಡಿಯಬೇಕಾಯಿತು.

"ಬಾಲಕ್ಕೆ ಯಾರು?" ಅಂತ ಕೇಳಿದರು.

ಮುದ್ದುಕೃಷ್ಣ ನನ್ನತ್ತ ಕೈ ತೋರಿಸಿದ. "ಇವ್ನು. ಕೋಪ ಜಾಸ್ತಿ, ಆದ್ರೆ ಸೊಂಟ ಗಟ್ಟಿ."

ಆ ರಟ್ಟಿನ ಡಬ್ಬವನ್ನೇ ಹಿಡಿದು ಅವನು ನನಗೆ ಕಲಿಸಿದ. ನಾನು ತಪ್ಪಿದಾಗಲೆಲ್ಲ, ಹೊರಡಿ ಅನ್ನುವ ಇಲ್ಲಿಯ ಅರಬರ ಹಾಗೆ, "ಯಲ್ಲಾ, ಇನ್ನೊಂದ್ ಸಲ," ಅನ್ನುತ್ತಿದ್ದ. ನಾನು ಡಬ್ಬ ಒದ್ದು ಹೊರಗೆ ಹೋದದ್ದೂ ಉಂಟು. ವಾಪಸು ಬರುವ ತನಕ ಕಾಯುತ್ತಿದ್ದ.

ಹಬ್ಬದ ಸಂಜೆ ಕುಣಿದೆ. ಬಟ್ಟೆಯೊಳಗೆ ನನಗೆ ಕಂಡದ್ದು ಕುರೋಕಿ ಸಾನ್ ಹಿಮ್ಮಡಿ ಮಾತ್ರ. ಮಕ್ಕಳು ನಗುವುದು, ಡೋಲು ಬಾರಿಸುವುದು ಕೇಳುತ್ತಿತ್ತು. ಮುದ್ದುಕೃಷ್ಣ ಅಂಗಳಕ್ಕೆ ಕಾಲಿಡದೆ ಗೇಟಿನ ಹೊರಗೆ ಪಿಕಪ್ಪಿನಲ್ಲಿ ಕೂತಿದ್ದ. ಮುಗಿಸಿ ಬಂದು ಪಕ್ಕದಲ್ಲಿ ಕೂತೆ.

"ಮಧ್ಯ ಡೋಲು ನಿಂತೋಯ್ತಲ್ಲ?" ಅಂದ.

"ಅವರ ಕಾಲು ತುಳಿದೆ."

ಜೋರಾಗಿ ನಕ್ಕ. ಆಮೇಲೆ ಎರಡೂ ಕೈಯನ್ನು ಮುಂದೆ ಚಾಚಿ, ಖಾಲಿ ಗಾಳಿಯನ್ನೇ ಹಿಡಿದು ನೋಡಿದ. "ಒಂದ್ ಸಲ ಹಿಡೀಬೇಕಿತ್ತು ಕಣೋ," ಅಂದ.

ಬೈಗುಳ ಬಾಯಿಯ ತನಕ ಬಂತು. ಯಾರನ್ನು ಬೈಯುವುದು ಅಂತ ತಿಳಿಯದೆ ಗಾಡಿ ಸ್ಟಾರ್ಟ್ ಮಾಡಿದೆ.